ಮೈಗೆ ಹತ್ತುವ ಮಾತ್ರೆ

ರಕ್ತ ಪರೀಕ್ಷೆಯ ವರದಿ ಕೈಗೆ ಬಂದ ಕೂಡಲೇ ಡಾಕ್ಟರಮ್ಮ ಪ್ರಯೋಗಶಾಲೆಯಿಂದ ನೆಟ್ಟಗೆ ಓಡಿದ್ದು ಅಡುಗೆಮನೆಗೆ. ಅಲ್ಲಿ ಅವಳ ಸ್ವಂತ ಚಿಕ್ಕಮ್ಮ ಆರಾಮಾಗಿ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾ ಕೂತಿದ್ದಳು.

"ಚಿಕ್ಕಮ್ಮ, ಸುಳ್ಳು ಹೇಳ್ಬೇಡ. ಮೊನ್ನೆ ಒಂದನೇ ರೂಮಿನವರ ತಿಂಡಿಗೆ ಏನು ಹಾಕ್ದೆ?"

"ಏನು ಹಾಕ್ತಾರೆ? ವಿಷ ಅಂತೂ ಹಾಕ್ಲಿಲ್ಲವಲ್ಲ?"

ವಿಷ ಹಾಕಿದ್ದರೂ ಡಾಕ್ಟರಮ್ಮ ಇಷ್ಟು ಗಾಬರಿಯಾಗುತ್ತಿರಲಿಲ್ಲವೇನೋ. ಅರಿಶಿನದ ಸತ್ವ, ಕರ್ಕ್ಯುಮಿನ್ ಅನ್ನುತ್ತಾರಲ್ಲ, ಕೀಲುನೋವಿಗೆ ಒಳ್ಳೆಯದು ಅಂತ ಹೆಸರು, ಆದರೆ ಅದು ಎಷ್ಟು ನುಂಗಿದರೂ ಸುಲಭಕ್ಕೆ ಮೈಗೆ ಹತ್ತುವ ಪೈಕಿಯಲ್ಲ. ಬಂದ ದಾರಿ ಹಿಡಿದು ಸುಮ್ಮನೆ ಹೊರಟುಹೋಗುತ್ತದೆ. ಅದನ್ನು ಮೈಗೆ ಹತ್ತಿಸುವ ಹೊಸ ಮಾತ್ರೆಗಾಗಿ ಅವಳು ಎರಡು ವರ್ಷ ತಲೆ ಕೆಡಿಸಿಕೊಂಡಿದ್ದಳು. ಮೊನ್ನೆ ಅದರ ಪರೀಕ್ಷೆ. ಒಂದನೇ ರೂಮಿನ ಹತ್ತು ಜನಕ್ಕೆ ಎದುರಾಳಿ ಕಂಪನಿಯ ಸಾದಾ ಮಾತ್ರೆ, ಎರಡನೇ ರೂಮಿನ ಹತ್ತು ಜನಕ್ಕೆ ಇವಳ ಹೊಸ ಮಾತ್ರೆ. ಎರಡೂ ಕಡೆ ಒಂದೇ ತಿಂಡಿ: ಒಣ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಮೇಲೆ ಚೂರು ಉಪ್ಪು. ಗಂಟೆಗೊಮ್ಮೆ ರಕ್ತ ತೆಗೆದು ನೋಡಿದರೆ, ಸಾದಾ ಮಾತ್ರೆ ಹೊಸದನ್ನು ಎಲ್ಲೋ ಹಿಂದೆ ಬಿಟ್ಟು ಮುಂದೆ ಹೋಗಿತ್ತು! ಹನ್ನೆರಡು ಗಂಟೆಗೆ ಕಂಪನಿಯ ಯಜಮಾನರು ವರದಿ ಕೇಳುತ್ತಾರೆ. ಚಿಕ್ಕಮ್ಮನನ್ನು ಈ ಕೆಲಸಕ್ಕೆ ತಂದು ಸೇರಿಸಿದವಳೇ ಇವಳು. ತಪ್ಪು ಅಡುಗೆಮನೆಯದು ಅಂತ ಗೊತ್ತಾದರೆ ಚಿಕ್ಕಮ್ಮ ಇವತ್ತೇ ಮನೆಗೆ ಹೋಗಬೇಕು.

"ಆ ರೂಮಿನಲ್ಲಿ ಒಬ್ಬ ಮೀಸೆಯ ಲಾರಿ ಡ್ರೈವರ್ ಇದ್ದ ಕಣೇ," ಚಿಕ್ಕಮ್ಮ ಚಾಕು ಕೆಳಗಿಟ್ಟಳು. "ತಟ್ಟೆ ನೋಡಿ, 'ಏನು ತಾಯಿ, ಇದು ಆಸ್ಪತ್ರೆ ಊಟನಾ, ಜೈಲೂಟನಾ?' ಅಂದ. ಮೂವತ್ತು ವರ್ಷದಿಂದ ಸೌಟು ಹಿಡಿದೋಳು ನಾನು. ಆ ಮಾತು ಕೇಳಿಸ್ಕೊಂಡು ಸುಮ್ನೆ ಬರ್ಲಾ? ಹತ್ತೂ ತಟ್ಟೆ ವಾಪಸ್ ತಂದೆ. ಒಂದೊಂದಕ್ಕೂ ದಂಡಿಯಾಗಿ ಬೆಣ್ಣೆ ಹಾಕಿ, ಕಾಳುಮೆಣಸು ಕುಟ್ಟಿ ಉದುರಿಸಿ ಕೊಟ್ಟೆ. ತಟ್ಟೆ ನೆಕ್ಕಿದ್ರು ಮಹಾರಾಯ್ತಿ!"

ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡಳು. ಜಿಡ್ಡಿನ ಜೊತೆ, ಕಾಳುಮೆಣಸಿನ ಜೊತೆ ಹೋದರೆ ಸಾದಾ ಕರ್ಕ್ಯುಮಿನ್ ಕೂಡ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಅವೆರಡೂ ಸೋಕಬಾರದು ಅಂತಲೇ ಆ ಸಪ್ಪೆ ತಿಂಡಿ ಗೊತ್ತುಮಾಡಿದ್ದು.

"ಬೆಣ್ಣೆ, ಮೆಣಸು ಮುಟ್ಟಬಾರದು ಅಂತ ಗೋಡೆಗೆ ಚೀಟಿ ಅಂಟಿಸಿದ್ದೆನಲ್ಲ!"

"ಅಯ್ಯೋ, ಅದು ನಾನು ಕದ್ದು ತಿಂದ್ಬಿಡ್ತೀನಿ ಅಂತ ಬರೆದಿದ್ದು ಅಂದ್ಕೊಂಡೆ. ಅಕ್ಕನ ಮಗಳೇ ಹೀಗೆ ಬರೆದ್ಲಲ್ಲ ಅಂತ ಎಷ್ಟು ಬೇಜಾರಾಗಿತ್ತು ಗೊತ್ತಾ?"

"ಹೋಗ್ಲಿ, ಎರಡನೇ ರೂಮಿಗೂ ಹಾಕಿದ್ದಿದ್ರೆ ಲೆಕ್ಕಾನಾದ್ರೂ ಸಮ ಆಗ್ತಿತ್ತು."

"ಅವರು ಕಮಕ್ ಕಿಮಕ್ ಅನ್ನದೆ ತಿಂದ್ರು. ಕೇಳದೇ ಇದ್ದೋರಿಗೆ ಯಾರು ಹಾಕ್ತಾರೆ? ಬೇಕಾದ್ರೆ ಇವತ್ತು ಕರೆಸು, ಹಾಕ್ತೀನಿ."

ಹನ್ನೆರಡಕ್ಕೆ ಸರಿಯಾಗಿ ಯಜಮಾನರು ಕುಂಟುತ್ತಾ ಬಂದರು. ವರದಿಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು. "ಯಂತ್ರದಲ್ಲಿ ಏನೋ ದೋಷ ಇದೆ ಸರ್," ಅಂದಳು ಡಾಕ್ಟರಮ್ಮ. ಹುಟ್ಟಿದಾರಭ್ಯ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಕಿವಿಯೆಲ್ಲ ಕೆಂಪಾಯಿತು. ಅದೇ ಹೊತ್ತಿಗೆ ಚಹಾ ತಂದ ಚಿಕ್ಕಮ್ಮ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಮೂಕ ಯಂತ್ರದ ಮೇಲೆ ಯಾಕೆ ಹೇಳ್ತೀಯ? ಯಜಮಾನ್ರೇ, ಒಂದನೇ ರೂಮಿಗೆ ಬೆಣ್ಣೆ, ಕಾಳುಮೆಣಸು ಹಾಕಿದ್ದು ನಾನೇ."

ಡಾಕ್ಟರಮ್ಮನಿಗೆ ಸಿಟ್ಟು, ಅಳು, ಚಿಕ್ಕಮ್ಮನ ಮೇಲೆ ಪ್ರೀತಿ, ಮೂರೂ ಒಟ್ಟಿಗೆ ಉಕ್ಕಿಬಂದವು. ಯಜಮಾನರು ಮಾತ್ರ ಚಿಕ್ಕಮ್ಮನನ್ನು ಮೇಲಿಂದ ಕೆಳಗೆ ನೋಡಿದರು.

"ಬರೀ ಬೆಣ್ಣೆ, ಕಾಳುಮೆಣಸು?"

"ಆಲೂಗಡ್ಡೇನೂ ಇತ್ತು."

ಅವರ ಮುಖ ಹುಳ್ಳಗಾಯಿತು. ಚಿಕ್ಕಮ್ಮ ಆಚೆ ಹೋಗುವವರೆಗೂ ಕಾದು, ಬಾಗಿಲು ಹಾಕಿಸಿ, ದನಿ ತಗ್ಗಿಸಿದರು. "ಈ ವಿಷಯ ಹೊರಗೆ ಬಿದ್ರೆ ನಮ್ಮ ಮಾತ್ರೇನ ಮೂಸಿ ನೋಡೋರು ಇರಲ್ಲ. ಮುಂದಿನ ವಾರ ಪರೀಕ್ಷೆ ಮತ್ತೆ ಆಗ್ಲಿ. ಆಯಮ್ಮ ಮಾತ್ರ ಇಲ್ಲಿ ಬೇಡ. ಸಂಜೆ ಐದರೊಳಗೆ ಕಳಿಸಿಬಿಡಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ನೀವೂ ಜೊತೆಗೆ ಹೊರಡಿ."

ಮಧ್ಯಾಹ್ನವಿಡೀ ಡಾಕ್ಟರಮ್ಮನಿಗೆ ಅದೇ ಯೋಚನೆ. ಬೇರೆ ಕಡೆ ಕೆಲಸ ನೋಡೋಣ ಚಿಕ್ಕಮ್ಮ ಅನ್ನಬೇಕೋ, ಬಾ ಇಬ್ಬರೂ ಹೋಗೋಣ ಅನ್ನಬೇಕೋ ಅಂತ ಕನ್ನಡಿ ಮುಂದೆ ನಿಂತು ನಾಲ್ಕು ಸಲ ಹೇಳಿಕೊಂಡಳು. ಎರಡನೆಯದೇ ಸರಿ ಅನ್ನಿಸಿತು. ಐದಕ್ಕೆ ಹತ್ತು ನಿಮಿಷವಿರುವಾಗ ರಾಜೀನಾಮೆ ಬರೆದು ಕೈಯಲ್ಲಿ ಹಿಡಿದು ಕೆಳಗಿಳಿದಳು.

ಅಡುಗೆಮನೆ ಬಾಗಿಲು ಅರ್ಧ ಮುಚ್ಚಿತ್ತು. ಒಳಗಿಂದ ಆಗತಾನೆ ಕುಟ್ಟಿದ ಕಾಳುಮೆಣಸಿನ ಘಾಟು. "ನಿಧಾನಕ್ಕೆ ತಿನ್ನಿ, ಯಾರೂ ಕಿತ್ಕೊಳ್ಳಲ್ಲ," ಅನ್ನುತ್ತಿದ್ದಳು ಚಿಕ್ಕಮ್ಮ. ಡಾಕ್ಟರಮ್ಮ ಬಾಗಿಲು ತಳ್ಳಿದಳು.

ಒಂದು ಸ್ಟೂಲಿನ ಮೇಲೆ ಯಜಮಾನರು, ಇನ್ನೊಂದರ ಮೇಲೆ ಅವರ ಊದಿಕೊಂಡ ಮೊಣಕಾಲು. ಪ್ಯಾಂಟು ಮೇಲಕ್ಕೆ ಮಡಚಿತ್ತು. ತಟ್ಟೆಯ ತುಂಬ ಬೆಣ್ಣೆ ಕರಗುತ್ತಿದ್ದ ಆಲೂಗಡ್ಡೆ, ಪಕ್ಕದಲ್ಲಿ ಎದುರಾಳಿ ಕಂಪನಿಯ ಸಾದಾ ಮಾತ್ರೆಯ ಪಟ್ಟಿ. ಅದರಲ್ಲಿ ಆಗಲೇ ಎರಡು ಖಾಲಿ.

ಅವರು ಬಾಯಲ್ಲಿದ್ದ ತುತ್ತನ್ನು ಅವಸರವಿಲ್ಲದೆ ಅಗಿದು ನುಂಗಿದರು.

"ಡಾಕ್ಟ್ರೇ, ಆಯಮ್ಮನ್ನ ಕಳಿಸೋ ವಿಷಯ... ಈ ಮಂಡಿನೋವು ಇಳೀಲಿ, ಆಮೇಲೆ ನೋಡೋಣ."