ಟೀಚರ ಉಳಿ

“ಇದು ಹಲ್ಲಲ್ಲ ಟೀಚರ್, ಉಳಿ,” ಎಂದ ಅರಣ್ಯ ಇಲಾಖೆಯ ಡೆಸ್, ನೀಲಗಿರಿ ಮರದ ತೊಗಟೆಯ ಮೇಲಿದ್ದ ಬಾಣದ ಮೊನೆಯಂಥ ಗಾಯಕ್ಕೆ ಹೆಬ್ಬೆರಳು ಒತ್ತಿ. ಇನ್ನೊಂದು ಕೈಯಲ್ಲಿ ಕಿತ್ತಳೆ ಬಣ್ಣದ ಸ್ಪ್ರೇ ಡಬ್ಬಿ. ಅವನು ಬಣ್ಣ ಹೊಡೆದ ಮರವನ್ನು ಸೋಮವಾರ ಯಂತ್ರ ಬಂದು ಉರುಳಿಸುತ್ತದೆ. ಗ್ಲೈಡರ್ ಎಂಬ, ಮರದಿಂದ ಮರಕ್ಕೆ ತೇಲುವ ಬೂದು ಬಣ್ಣದ ಪ್ರಾಣಿಗಳು ತೊಗಟೆ ಕಚ್ಚಿ ರಸ ಕುಡಿಯುವ ಮರವನ್ನು ಮಾತ್ರ ಮುಟ್ಟುವಂತಿಲ್ಲ.

“ನಿನಗೇನೋ ಗೊತ್ತು?” ಎಂದರು ಲೋರ್ನಾ ಟೀಚರ್. ಎಪ್ಪತ್ತೆರಡರ ಆಕೆ ಬೇಲಿಯಾಚೆಯ ಮನೆಯಿಂದ ಮನೆಚಪ್ಪಲಿಯಲ್ಲೇ ಓಡಿ ಬಂದಿದ್ದರು.

“ಅಂಚು ಸ್ಕೇಲಿಟ್ಟು ಎಳೆದ ಹಾಗಿದೆ. ಎತ್ತರ ಸರಿಯಾಗಿ ನಿಮ್ಮ ಭುಜದಷ್ಟು. ಇಲ್ಲಾ, ಕಾಂಗರೂನೇ ಉಳಿ ಹಿಡ್ಕೊಂಡು ಬಂದಿರ್ಬೇಕು. ಲೆಕ್ಕದ ಪರೀಕ್ಷೇಲಿ ನಕಲು ಮಾಡಿದ್ದಕ್ಕೆ ನಂಗೆ ಆರು ಬೆತ್ತದೇಟು ಕೊಟ್ಟೋರು ನೀವೇ ತಾನೇ?”

“ನೀನು ತಪ್ಪು ಉತ್ತರ ನಕಲು ಮಾಡಿದ್ದೆ ಕಣೋ.” ಆಕೆ ನಗಲಿಲ್ಲ. “ಸಂಜೆ ಆದ್ರೆ ಗ್ಲೈಡರ್‌ಗಳು ಇಲ್ಲೇ ಕಿರುಚ್ತಾವೆ. ಹೊಟ್ಟೆಚೀಲದಲ್ಲಿ ಮರಿ ಇಟ್ಕೊಂಡು ಈ ಮರದಿಂದ ಹೊಳೆಯಾಚೆಗೆ ತೇಲ್ಕೊಂಡು ಹೋಗ್ತಾವೆ. ಹೋದ ತಿಂಗಳು ನಿಮ್ಮ ಆಫೀಸಿಗೆ ಬಂದು ಹೇಳಿದ್ದೆ. ಕೂಗು ಸಾಕ್ಷಿಯಲ್ಲ, ಮರದ ಮೇಲೆ ಗುರುತು ತೋರಿಸಿ ಅಂದ್ರು. ತೋರಿಸ್ದೆ.”

“ಯಾವಾಗ ಕೆತ್ತಿದ್ರಿ?”

“ಹದಿನೈದು ದಿನ ಆಯ್ತು.”

ಡೆಸ್ ಡಬ್ಬಿ ಅಲ್ಲಾಡಿಸಿದ. ಒಳಗಿನ ಗುಂಡು ಕಟಕಟ ಎಂದಿತು. ಬಣ್ಣ ಹೊಡೆಯಲು ಕೈ ಎತ್ತಿದವನು ಹಾಗೇ ನಿಂತ. ಹೆಬ್ಬೆರಳು ರಸದಿಂದ ಅಂಟುತ್ತಿತ್ತು.

“ಹದಿನೈದು ದಿನಕ್ಕೆ ಇದು ಒಣಗಿ ಗಟ್ಟಿಯಾಗ್ಬೇಕಿತ್ತಲ್ಲ. ಇವತ್ತೂ ಸುರೀತಿದೆ.” ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಮೇಲಿನ ಅಂಚು ಉಳಿಯದೇ. ಕೆಳಗಿನ ಮೊನೆಯಲ್ಲಿ ಮಾತ್ರ ಹಸಿ ತೊಗಟೆಯನ್ನು ಯಾವುದೋ ಸಣ್ಣ ಹಲ್ಲು ಚೂರುಚೂರೇ ಕೆರೆದಿತ್ತು. ರಸದಲ್ಲಿ ಬೂದು ಬಣ್ಣದ ಕೂದಲೊಂದು ಸಿಕ್ಕಿಕೊಂಡಿತ್ತು.

ಟೀಚರ್ ತಮ್ಮ ತಲೆ ಮುಟ್ಟಿ ನೋಡಿಕೊಂಡರು. “ನಂದಲ್ಲಪ್ಪ.”

ಡೆಸ್ ಡಬ್ಬಿಯನ್ನು ಚೀಲಕ್ಕೆ ಹಾಕಿ, ಕಾಗದ ತೆಗೆದು, ‘ಗ್ಲೈಡರ್ ಕುಡಿಯುವ ಮರ’ ಎಂಬಲ್ಲಿ ‘ಹೌದು’ ಎಂದು ಬರೆದ.

“ಸುಳ್ಳು ಬರೀತಿದೀಯೇನೋ?”

“ಕುಡಿಯೋರು ಯಾರು ಅಂತ ಕೇಳಿದಾರೆ ಟೀಚರ್. ಬಡಿಸಿದೋರು ಯಾರು ಅಂತ ಕೇಳಿಲ್ಲ.”

ಮುಂದಿನ ಮರದತ್ತ ನಾಲ್ಕು ಹೆಜ್ಜೆ ನಡೆದ ಮೇಲೆ, ಆಕೆ ನೋಡುತ್ತಿಲ್ಲವೆಂದುಕೊಂಡು, ಡೆಸ್ ತನ್ನ ಹೆಬ್ಬೆರಳನ್ನು ಮೆಲ್ಲಗೆ ನೆಕ್ಕಿ ನೋಡಿದ.