ಮೂರೇ ಗೆರೆ

ದನಗಳ ವಂಶಾವಳಿ ದಾಖಲಿಸುವ ತಳಿಪುಸ್ತಕದ ಪರೀಕ್ಷಕ ಮಾರ್ಸಿಯಾಲ್ ಹಸುವಿನ ಎಡಪಕ್ಕೆಯ ಮೇಲೆ ಬೆರಳಾಡಿಸಿ ಹೊಲಿಗೆಯ ಗೆರೆಗಳನ್ನು ಎಣಿಸಿದ. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದ.

“ಮೂರೇ ಇದೆಯಲ್ಲಯ್ಯ ಫಿರ್ಮಿನ್. ನಾಲ್ಕನೇ ಕರು ಅಂತ ಬರೆದಿದ್ದೀಯ?”

“ನಾಲ್ಕನೇದೇ ಸಾರ್. ಈ ಸಲ... ತಾನಾಗೇ ಹಾಕ್ಬಿಡ್ತು,” ಎಂದ ಫಿರ್ಮಿನ್, ಕದ್ದ ಮಾಲು ಒಪ್ಪಿಸುವವನಂತೆ ಟೋಪಿ ತೆಗೆದು.

ಕೊಂದ್ರೋ ಸೀಮೆಯ ಕೊಟ್ಟಿಗೆಗಳಲ್ಲಿ ಬಿಳಿ-ನೀಲಿ ತಳಿಯ ಹಸುಗಳು ತಾವಾಗಿ ಕರು ಹಾಕುವುದಿಲ್ಲ. ಮಾಂಸಖಂಡಕ್ಕೆ ‘ಇನ್ನು ಸಾಕು’ ಎನ್ನುವ ವಂಶವಾಹಿ ಅವುಗಳಲ್ಲಿ ಕೆಟ್ಟಿರುತ್ತದೆ. ತಂದೆಯದೊಂದು, ತಾಯಿಯದೊಂದು, ಎರಡು ಪ್ರತಿಯೂ ಕೆಟ್ಟಿದ್ದರೆ ಕರುವಿನ ತೊಡೆ ಹೊಟ್ಟೆಯಲ್ಲೇ ಊದಿಕೊಳ್ಳುತ್ತದೆ. ಹಾಗಾಗಿ ಪ್ರತಿ ಸಲವೂ ಪಕ್ಕೆ ಕೊಯ್ದು ತೆಗೆಯುವುದೇ ರೂಢಿ. ಮೂರು ವಾರದ ಹಿಂದೆ ಪಶುವೈದ್ಯೆ ಸೊಲಾಂಜ್ ಚಾಕು, ಸೂಜಿ ಹಿಡಿದು ಓಡಿ ಬರುವಷ್ಟರಲ್ಲಿ ಫಿರ್ಮಿನ್‌ನ ಈ ಹಸು ನ್ವಾಜೆಟ್ ತನ್ನ ಹೋರಿಗರುವನ್ನು ನೆಕ್ಕುತ್ತ ನಿಂತಿತ್ತು.

“ತಾನಾಗೇ ಬಂತು ಅಂದ್ರೆ ಬಡಕಲು ಕರು,” ಎಂದ ಮಾರ್ಸಿಯಾಲ್.

“ಬಡಕಲಾ? ಅದರ ಹಿಂಭಾಗ ನೋಡಿ ಮಾತಾಡಿ ಸಾಹೇಬ್ರೇ,” ಎಂದಳು ಪಕ್ಕದಲ್ಲೇ ನಿಂತಿದ್ದ ಸೊಲಾಂಜ್. “ಬಾಲದ ಕೂದಲು ಪರೀಕ್ಷೆಗೆ ಕಳಿಸಿದ್ದೆ. ಕೆಟ್ಟ ಪ್ರತಿ ಎರಡೂ ಇದೆ. ತುಂಬಿದ ಮೈ, ಸಲೀಸು ಹೆರಿಗೆ. ಇಂಥದ್ದೊಂದು ಬೇಕು ಅಂತ್ಲೇ ಅಲ್ವಾ ನೀವು ಇಪ್ಪತ್ತು ವರ್ಷದಿಂದ ಸಭೆ ಮಾಡ್ತಿರೋದು?”

“ತಳಿ ಸರಿ ಡಾಕ್ಟ್ರೇ. ಇದೇ ತಾಯಿ ಅನ್ನೋದಕ್ಕೆ? ಕೊಯ್ದ ತಾರೀಖು ಬರೀದೆ ತಾಯಿ ಹೆಸರು ಬರಿಯೋ ಹಾಗಿಲ್ಲ.”

“ತಾಯಿ ಕೂದಲೂ ಕಳಿಸ್ತೀನಿ.”

“ಕಳಿಸಿ. ಆಗಲೂ ತಾರೀಖಿನ ಜಾಗ ಖಾಲಿನೇ ಇರುತ್ತೆ.”

“ಅಯ್ಯೋ, ಅದರ ಹಾಲೇ ಕುಡೀತಿದೆಯಲ್ಲ ಸಾರ್!” ಫಿರ್ಮಿನ್ ಕೂಗಿದ.

“ಕರುಗಳು ಯಾರ ಹಾಲಾದ್ರೂ ಕುಡೀತವೆ.”

ತಾಯಿಯ ಹೆಸರಿದ್ದರೆ ಕರು ಬೆಳೆದು ವೀರ್ಯಕೇಂದ್ರದ ಹೋರಿಯಾಗಬಹುದು. ಇಲ್ಲವಾದರೆ ಹದಿನೆಂಟು ತಿಂಗಳಿಗೆ ಕಸಾಯಿಖಾನೆ. ತನ್ನ ಕೊಟ್ಟಿಗೆಯ ಒಂದು ಹೋರಿ ಆ ಪುಸ್ತಕ ಸೇರಲೆಂದು ಫಿರ್ಮಿನ್ ಮೂವತ್ತು ವರ್ಷ ಕಾದಿದ್ದ.

ಮಾರ್ಸಿಯಾಲ್‌ಗೂ ಕನಿಕರ ಬಂತು. ದನಿ ತಗ್ಗಿಸಿ, “ಒಂದು ಗೀರು ಹಾಕಿ ಮೇಲಿಂದ ಹೊಲಿದ್ರೆ ಸಾಕಪ್ಪ. ಒಳಗೆ ನೋಡೋರ್ಯಾರು? ಅಷ್ಟರಲ್ಲಿ ನಾನು ಕಾಫಿ ಕುಡ್ಕೊಂಡು ಬರ್ತೀನಿ,” ಎಂದ.

“ಕೊಯ್ದು ಏನು ತೆಗೀಲಿ?” ಸೊಲಾಂಜ್ ಸಿಡುಕಿದಳು. “ನಿಮ್ಮ ಫಾರಮ್ಮಾ?”

ಇಬ್ಬರೂ ಫಿರ್ಮಿನ್‌ನನ್ನು ನೋಡಿದರು. ಅವನು ನ್ವಾಜೆಟ್‌ನ ಪಕ್ಕೆಯ ಮೇಲೆ ಕೈಯಿಟ್ಟ. ಮೂರನೆಯ ಗೆರೆಯ ಪಕ್ಕದಲ್ಲಿ ನುಣ್ಣನೆಯ ಜಾಗ ಇನ್ನೂ ಒಂದು ಗೇಣಿತ್ತು. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

“ಬೇಡ. ತಾಯಿ ಗೊತ್ತಿಲ್ಲ ಅಂತ ಬರ್ಕೊಳ್ಳಿ.”

ಮಾರ್ಸಿಯಾಲ್ ಬರೆದುಕೊಂಡು ಸಹಿಗೆ ಕೊಟ್ಟ. ಕೊಟ್ಟಿಗೆಯಲ್ಲಿ ಮೇಜಿರಲಿಲ್ಲ. ಫಿರ್ಮಿನ್ ಕಾಗದವನ್ನು ನ್ವಾಜೆಟ್‌ನ ಅಗಲವಾದ ಬೆನ್ನಿನ ಮೇಲೆ ಹಾಸಿ ಹೆಸರು ಬರೆಯತೊಡಗಿದ. ಕೆಳಗೆ ಕರು ಕೆಚ್ಚಲಿಗೆ ಗುದ್ದಿದಾಗಲೆಲ್ಲ ಅಕ್ಷರ ಸೊಟ್ಟಗಾಗುತ್ತಿತ್ತು.