ಬಿಸಿ ಆರದ ಮೋಟಾರು

ಲಾರಿಯಿಂದ ಇಳಿಸಿದ ಮೋಟಾರಿನ ಮೇಲೆ ಅಂಗೈ ಇಟ್ಟ ಆಪರೇಟರಮ್ಮ ಬೆಚ್ಚಿಬಿದ್ದಳು. ಅದು ಇನ್ನೂ ಬಿಸಿಯಾಗಿತ್ತು.

ಪ್ರವಾಹ ನುಗ್ಗಿ ಅವಳ ಪಂಪ್‌ಹೌಸಿನ ಮೋಟಾರು ಸುಟ್ಟುಹೋಗಿತ್ತು; ಆಸ್ಪತ್ರೆಯ ಟ್ಯಾಂಕು ತಳ ಕಂಡಿತ್ತು. ವಿಧಿಯಿಲ್ಲದೆ ಪಕ್ಕದೂರಿನ ನೀರು ಸರಬರಾಜಿನವರಿಗೆ ಫೋನ್ ಮಾಡಿದ್ದಳು. ನದಿ ನೀರಿನ ಪಾಲಿನ ವಿಷಯದಲ್ಲಿ ಎರಡೂ ಊರು ಹಾವು ಮುಂಗುಸಿ. ಕಳಿಸಿದರೂ ಮೂಲೆಗೆ ಬಿದ್ದ ಗುಜರಿಯನ್ನೇ ಕಳಿಸುತ್ತಾರೆ ಅಂದುಕೊಂಡಿದ್ದಳು. ಗುಜರಿ ಎಲ್ಲಾದರೂ ಬಿಸಿ ಇರುತ್ತದೆಯೇ? ಇದು ಈಗಷ್ಟೇ ಓಡುತ್ತಿದ್ದ ಮೋಟಾರು.

“ಅಣ್ಣಾ, ಇದು ಸ್ಪೇರ್ ಅಲ್ವಲ್ಲ! ನಿಮ್ಮೂರಿಗೆ ನೀರು?”

ಲಾರಿಯ ಜೊತೆ ಬಂದಿದ್ದ ಪಕ್ಕದೂರಿನ ಫಿಟ್ಟರ್ ತಲೆ ಎತ್ತಲೂ ಇಲ್ಲ. “ಸ್ಪೇರ್ ರಿಪೇರಿಗೆ ಹೋಗಿದೆ. ನಮ್ಮೋರು ಸ್ನಾನ ಬಿಟ್ರೆ ನಾರ್ತಾರೆ, ಸಾಯಲ್ಲ. ನೀರು ಬರ್ಲಿ, ಆಮೇಲೆ ಜಗಳ ಆಡೋಣ. ಮೊದ್ಲು ಈ ಬೋಲ್ಟ್ ಹಿಡ್ಕೊ, ತಂಗಿ.”